ಕಾಲ್ಚೆಂಡಾಟವೂ ಪರದೇಶ ವಿದ್ಯಾಭ್ಯಾಸವೂ



ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ನಿಬಂಧನೆಗಳು ಉಪನ್ಯಾಸಕನಿಂದ ಅಪೇಕ್ಷಿಸುವುದು ಮೂರನ್ನು ಮಾತ್ರ: ವಿಷಯವು ವಿದ್ಯಾಭ್ಯಾಸಕ್ಕೆ ಸಂಬಂಧಪಟ್ಟಿರತಕ್ಕದ್ದು, ಭಾಷೆಯು ಕನ್ನಡವಾಗಿರತಕ್ಕದ್ದು, ಮಾತು ಸಭಿಕರ ತಾಳ್ಮೆಯನ್ನು ಮೀರತಕ್ಕದ್ದಲ್ಲ. ಮೊದಲೆರಡನ್ನು ಪಾಲಿಸುವೆನೆಂದು ಧೈರ್ಯವಾಗಿ ಹೇಳಬಲ್ಲೆ. ನಾನು ಆರಿಸಿಕೊಂಡಿರುವ ವಿಷಯವಾದರೋ, ಅಮೆರಿಕದ ಚಿಕ್ಕ ಕಾಲೇಜೊಂದರಲ್ಲಿ ಕಾಲ್ಚೆಂಡಾಡುವ ವಿದ್ಯಾರ್ಥಿಯು ತನ್ನ ನಾಲ್ಕು ವರ್ಷಗಳಲ್ಲಿ ಆಟಕ್ಕೆಷ್ಟು, ಪರದೇಶದ ವ್ಯಾಸಂಗಕ್ಕೆಷ್ಟು, ಪ್ರಯೋಗಶಾಲೆಗೆ, ದುಡಿಮೆಗೆ, ಸ್ನೇಹಕ್ಕೆಷ್ಟು ಎಂದು ಕಾಲವನ್ನು ಹಂಚಿಕೊಳ್ಳುವ ಬಗೆ. ಆಮಂತ್ರಣಪತ್ರಿಕೆಯನ್ನು ಓದಿದ ಮಿತ್ರರೊಬ್ಬರು, ‘ಅಲ್ಲಿಯ ಹುಡುಗರು ಚೆಂಡನ್ನೊದೆಯುವುದಕ್ಕೂ ನಮ್ಮ ಸಭಾಂಗಣಕ್ಕೂ ಏನು ನಂಟು?’ ಎಂದು ವಿಚಾರಿಸಿದರು. ನಂಟು ಇಲ್ಲದೆ ಇಲ್ಲ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಪದವಿಪೂರ್ವ ತರಗತಿಯನ್ನು ಮುಗಿಸಿ ನೇರವಾಗಿ ಅಮೆರಿಕದ ಕಾಲೇಜುಗಳಿಗೆ ಸೇರುವ ಮಕ್ಕಳು ಈಗ ಅಪರೂಪವಲ್ಲ. ಅಲ್ಲಿಯೇ ನೆಲೆಸಿರುವ ಕನ್ನಡ ಮನೆಗಳ ಮಕ್ಕಳಲ್ಲಿ ಅನೇಕರು ಎಳವೆಯಿಂದಲೇ ಶನಿವಾರದ ಬೆಳಗುಗಳನ್ನು ಹುಲ್ಲುಮೈದಾನದಲ್ಲಿ ಕಳೆದವರು. ಆದರೆ ಇಂಥ ನಂಟೊಂದೂ ಇಲ್ಲದಿದ್ದರೂ ನಾನು ಈ ವಿಷಯವನ್ನೇ ಆರಿಸಿಕೊಳ್ಳುತ್ತಿದ್ದೆನೇನೋ. ಏಕೆಂದರೆ ವಿದ್ಯಾಭ್ಯಾಸವೆಂಬುದು ಮೂಲತಃ ಕಾಲದ ಹಂಚಿಕೆಯ ಪ್ರಶ್ನೆಯೆಂಬುದು ಇಷ್ಟು ನಿಚ್ಚಳವಾಗಿ ಗೋಚರಿಸುವ ಬೇರೊಂದು ಸಂದರ್ಭವನ್ನು ನಾನರಿಯೆ.

ಮೊದಲು ಈ ಚಿಕ್ಕ ಕಾಲೇಜೆಂದರೆ ಏನೆಂಬುದನ್ನು ತಿಳಿಯಬೇಕು. ನಮ್ಮಲ್ಲಿ ಅಮೆರಿಕದ ವಿದ್ಯಾಸಂಸ್ಥೆಯೆಂದೊಡನೆ ಮನಸ್ಸಿಗೆ ಬರುವುದು ಮೂವತ್ತು ನಲವತ್ತು ಸಾವಿರ ವಿದ್ಯಾರ್ಥಿಗಳಿಂದ ಕೂಡಿದ ಮಹಾವಿಶ್ವವಿದ್ಯಾನಿಲಯ. ಅದಕ್ಕಿಂತ ತೀರ ಭಿನ್ನವಾದ, ಒಂದೂವರೆ ಸಾವಿರದಿಂದ ಮೂರು ಸಾವಿರದಷ್ಟು ಮಂದಿ ಒಂದೇ ಆವರಣದಲ್ಲಿ ವಾಸಿಸಿ, ಉಂಡು, ಓದಿ, ಆಡಿ, ನಾಲ್ಕು ವರ್ಷಗಳಲ್ಲಿ ಪದವಿಯನ್ನು ಪಡೆದು ಹೊರಡುವ, ಅಧ್ಯಾಪಕರಿಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರೂ ಅನೇಕ ವೇಳೆ ಅವನ ಮನೆಯ ಕಷ್ಟಸುಖವೂ ಗೊತ್ತಿರುವ ಕಾಲೇಜುಗಳು ಆ ದೇಶದಲ್ಲಿ ನೂರಾರಿವೆ. ಮಿನ್ನೆಸೋಟ ಸಂಸ್ಥಾನದ ನಾರ್ತ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ ಇಂಥವು ಎರಡುಂಟು: 1866ರಲ್ಲಿ ಸ್ಥಾಪಿತವಾದ ಕಾರ್ಲ್‌ಟನ್ ಕಾಲೇಜು, 1874ರಲ್ಲಿ ನಾರ್ವೆಯಿಂದ ವಲಸೆ ಬಂದವರು ಸ್ಥಾಪಿಸಿದ ಸೇಂಟ್ ಓಲಫ್ ಕಾಲೇಜು. ಹಸು, ಕಾಲೇಜು, ಸಂತೃಪ್ತಿ ಎಂಬ ಮೂರನ್ನು ಆ ಊರು ತನ್ನ ಧ್ಯೇಯವಾಕ್ಯವಾಗಿ ಇಟ್ಟುಕೊಂಡಿದೆಯೆಂದರೆ ಅಲ್ಲಿಯ ಜೀವನದ ಗತಿ ತಮಗೆ ಊಹೆಯಾದೀತು. ನಮ್ಮ ಎ. ಕೆ. ರಾಮಾನುಜನ್ ಅವರು ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದುದು ಎಲ್ಲರಿಗೂ ಗೊತ್ತು. ಅವರು ಈ ಕಾರ್ಲ್‌ಟನ್ನಿನಲ್ಲಿಯೂ ಸಂದರ್ಶಕರಾಗಿ ಪಾಠ ಹೇಳಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅಮೆರಿಕದವರು ಸಾಕರ್ ಎಂದು ಕರೆಯುವ ನಮ್ಮ ಕಾಲ್ಚೆಂಡಾಟವು ಆ ದೇಶದ ಕಾಲೇಜುಗಳಲ್ಲಿ ಬೇರೂರಿದುದು ಕೂಡ ಇಂಥದೊಂದು ಚಿಕ್ಕ ಸಂಸ್ಥೆಯ ಮೂಲಕವೇ. ಫಿಲಡೆಲ್ಫಿಯಾದ ಹೊರವಲಯದಲ್ಲಿರುವ, ಕ್ವೇಕರ್ ಪಂಥದವರು ಕಟ್ಟಿದ ಹ್ಯಾವರ್‌ಫರ್ಡ್ ಕಾಲೇಜಿನ ಹುಡುಗರು 1905ರ ಏಪ್ರಿಲ್ ತಿಂಗಳಲ್ಲಿ ಹಾರ್ವರ್ಡಿನ ತಂಡವನ್ನು ಒಂದು ಗೋಲಿನಿಂದ ಸೋಲಿಸಿದರು. ಆಧುನಿಕ ನಿಯಮಗಳಿಗನುಸಾರವಾಗಿ ಕಾಲೇಜುಗಳ ನಡುವೆ ನಡೆದ ಮೊದಲ ಪಂದ್ಯವೆಂದು ಅದನ್ನು ಎಣಿಸುವುದುಂಟು. ಮರುವರ್ಷವೇ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಘವೊಂದು, ಈಗ ಎನ್‌ಸಿಎಎ ಎಂಬ ಅಕ್ಷರಗಳಿಂದ ಪರಿಚಿತವಾಗಿರುವುದು, ಹುಟ್ಟಿಕೊಂಡಿತು. ಇದಕ್ಕೆ ಕಾರಣ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಮೈಮೇಲೆ ಬೀಳುವ ಅವರದೇ ಆದ ಇನ್ನೊಂದು ಆಟದಲ್ಲಿ ಹುಡುಗರು ಗಾಯಗೊಂಡು ಸಾಯುತ್ತಿದ್ದುದು. 1973ರಲ್ಲಿ ಆ ಸಂಘವು ತನ್ನ ಸದಸ್ಯ ಕಾಲೇಜುಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿತು. ಇಂದು ನಾನು ಹೇಳಹೊರಟಿರುವುದೆಲ್ಲ ಮೂರನೆಯ ಶ್ರೇಣಿಗೆ ಸಂಬಂಧಪಟ್ಟದ್ದು. ಅದರಲ್ಲಿ ನಾಲ್ಕುನೂರಕ್ಕೂ ಮೀರಿದ ಸಂಸ್ಥೆಗಳಿವೆ. ಸದಸ್ಯಸಂಖ್ಯೆಯಲ್ಲಿ ಮೂರರಲ್ಲಿ ದೊಡ್ಡದು ಅದೇ. ಅದರ ಲಕ್ಷಣವೆಂದರೆ, ಅಲ್ಲಿ ಆಟಕ್ಕಾಗಿ ಯಾರಿಗೂ ವಿದ್ಯಾರ್ಥಿವೇತನವನ್ನು ಕೊಡುವಂತಿಲ್ಲ. ಬಡತನವನ್ನು ನೋಡಿ ಕೊಡಬಹುದು, ಬುದ್ಧಿಯನ್ನು ನೋಡಿ ಕೊಡಬಹುದು, ಕಾಲಿನ ಚಳಕವನ್ನು ನೋಡಿ ಕೊಡುವಂತಿಲ್ಲ. ಈ ಒಂದು ನಿಷೇಧದಿಂದ ಎಷ್ಟೆಲ್ಲ ಒಳಿತು ಸಾಧ್ಯವಾಗಿದೆಯೆಂಬುದೇ ನನ್ನ ಉಪನ್ಯಾಸದ ಹೃದಯ. ಅಲ್ಲಿಗೆ ಆಮೇಲೆ ಬರುತ್ತೇನೆ.

ಇನ್ನು ಆಟದ ಋತು. ಕಾಲೇಜು ಕಾಲ್ಚೆಂಡು ಶರತ್ಕಾಲದ ಆಟ. ಆಗಸ್ಟ್ ತಿಂಗಳ ಮಧ್ಯಭಾಗದಲ್ಲಿ, ಉಳಿದ ವಿದ್ಯಾರ್ಥಿಗಳು ಇನ್ನೂ ಬೇಸಗೆಯ ರಜೆಯಲ್ಲಿರುವಾಗಲೇ, ಆಟಗಾರರು ಬಂದು ಸೇರುತ್ತಾರೆ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಹತ್ತು ಹನ್ನೊಂದು ವಾರಗಳೊಳಗೆ ಹದಿನೈದರಿಂದ ಇಪ್ಪತ್ತರಷ್ಟು ಪಂದ್ಯಗಳನ್ನು ಆಡಿ ಮುಗಿಸಬೇಕು. ವಾರಕ್ಕೆರಡು ಪಂದ್ಯ, ಒಂದು ಶನಿವಾರ, ಇನ್ನೊಂದು ವಾರದ ನಡುವೆ. ಅದರಲ್ಲಿ ಅರ್ಧದಷ್ಟು ಪರಸ್ಥಳದಲ್ಲಿ, ಎರಡು ಮೂರು ಗಂಟೆಗಳ ಬಸ್ ಪ್ರಯಾಣ ಹೋಗುವಾಗ, ಅಷ್ಟೇ ಬರುವಾಗ. ಯೂರೋಪಿನ ಕ್ಲಬ್ಬುಗಳು ಹತ್ತು ತಿಂಗಳ ಕಾಲಕ್ಕೆ ಹರಡಿಕೊಳ್ಳುವ ಶ್ರಮವನ್ನು ಇವರು ಮೂರು ತಿಂಗಳಿಗೆ ಒತ್ತಿ ಸೇರಿಸುವುದರಿಂದಲೇ, ಒಮ್ಮೆ ಹೊರಗೆ ಹೋದ ಆಟಗಾರನು ಮತ್ತೆ ಒಳಗೆ ಬರಬಹುದೆಂಬ ಉದಾರವಾದ ನಿಯಮ ಅಲ್ಲಿ ಪ್ರಚಾರದಲ್ಲಿದೆ. ಅಂತರರಾಷ್ಟ್ರೀಯ ನಿಯಮಗಳಿಗೆ ಒಗ್ಗಿದ ನಮ್ಮ ಕಣ್ಣಿಗೆ ಅದು ವಿಚಿತ್ರವಾಗಿ ತೋರುತ್ತದೆ. ತಂಡದಲ್ಲಿ ಇಪ್ಪತ್ತೈದು ಮೂವತ್ತು ಮಂದಿ. ಅವರಲ್ಲಿ ಕೆಲವರು ಇಡೀ ಋತುವಿನಲ್ಲಿ ಒಂದು ಗಂಟೆಯಷ್ಟು ಕೂಡ ಮೈದಾನಕ್ಕಿಳಿಯದೆ ಬೆಂಚಿನ ಮೇಲೆ ಕುಳಿತೇ ನಾಲ್ಕು ವರ್ಷಗಳನ್ನು ಕಳೆಯುತ್ತಾರೆ. ಅವರ ವಿಷಯವಾಗಿ ನನಗೆ ವಿಶೇಷವಾದ ಗೌರವವಿದೆ.

ದಿನದೊಳಗಿನ ತೊಡಕು ಬೇರೆ. ಅಭ್ಯಾಸವು ಸಾಮಾನ್ಯವಾಗಿ ಸಾಯಂಕಾಲ ನಾಲ್ಕು ನಾಲ್ಕೂವರೆಗೆ ಆರಂಭವಾಗುತ್ತದೆ. ರಸಾಯನಶಾಸ್ತ್ರದ ಪ್ರಯೋಗವು ಮಧ್ಯಾಹ್ನ ಒಂದಕ್ಕೆ ತೊಡಗಿ, ದ್ರವವು ಸ್ಫಟಿಕವಾಗಲೊಪ್ಪದಿದ್ದರೆ ಐದಾದರೂ ಮುಗಿಯದು. ತರಬೇತುದಾರರಿಗೆ ಹೇಳಿ ತಡವಾಗಿ ಬರುವುದೋ, ಸಹಪಾಠಿಯನ್ನು ಬೇಡಿ ಮುಂಚಿತವಾಗಿ ಹೊರಡುವುದೋ? ಮಸಾಚುಸೆಟ್ಸಿನ ತಂತ್ರಜ್ಞಾನ ಸಂಸ್ಥೆಯಾದ ಎಂಐಟಿ, ಲೋಕವೆಲ್ಲ ಅದನ್ನು ಯಂತ್ರಗಳ ಮಠವೆಂದು ಭಾವಿಸಿದ್ದರೂ, ಆಟದಲ್ಲಿ ಇದೇ ಮೂರನೆಯ ಶ್ರೇಣಿಗೆ ಸೇರಿದ್ದು. ಅಲ್ಲಿಯ ಅಧ್ಯಾಪಕ ಸಭೆಯು ಸಂಜೆ ಐದರಿಂದ ಏಳರವರೆಗೆ ಪದವಿ ತರಗತಿಗಳಿಗೆ ಪಾಠವನ್ನಿಡಕೂಡದೆಂದು ಕಟ್ಟಳೆ ಮಾಡಿಕೊಂಡಿದೆ. ವಿದ್ಯಾರ್ಥಿಗಳಿಗೆ ‘ಸಮಯವನ್ನು ಸರಿಯಾಗಿ ನಿರ್ವಹಿಸಿರಿ’ ಎಂದು ಉಪದೇಶಿಸುವ ಸಂಸ್ಥೆಗಳು ಬಹಳ. ತಾವೇ ತಮ್ಮ ಎರಡು ಗಂಟೆಗಳನ್ನು ಬಿಟ್ಟುಕೊಡುವ ಸಂಸ್ಥೆಗಳು ಕಡಿಮೆ.

ಪರದೇಶ ವಿದ್ಯಾಭ್ಯಾಸದ ಸಂಪ್ರದಾಯಕ್ಕೂ ಒಂದು ಶತಮಾನವೇ ಸಂದಿದೆ. ಒಂದನೆಯ ಮಹಾಯುದ್ಧದಲ್ಲಿ ಹೋರಾಡಿ ಹಿಂದಿರುಗಿದ ರೇಮಂಡ್ ಕರ್ಕ್‌ಬ್ರೈಡ್ ಎಂಬ ತರುಣ ಪ್ರಾಧ್ಯಾಪಕರು, ಭಾಷೆಯನ್ನು ಅದನ್ನಾಡುವ ಜನರ ಮಧ್ಯದಲ್ಲಿಯೇ ಕಲಿಯಬೇಕೆಂದು ವಾದಿಸಿ, 1923ರ ಬೇಸಗೆಯಲ್ಲಿ ಡೆಲಾವೇರ್ ವಿಶ್ವವಿದ್ಯಾನಿಲಯದ ಎಂಟು ಮಂದಿ ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಕರೆದೊಯ್ದರು. ಪದವಿಯ ಮೂರನೆಯ ವರ್ಷವನ್ನು ಹೊರದೇಶದಲ್ಲಿ ಕಳೆಯುವ ಪದ್ಧತಿಗೆ ಅದು ನಾಂದಿಯಾಯಿತು. ಎರಡನೆಯ ವರ್ಷದ ಕೊನೆಗೆ ವಿದ್ಯಾರ್ಥಿಯು ತನ್ನ ಮುಖ್ಯ ವಿಷಯವನ್ನು ನಿರ್ಧರಿಸಿರುತ್ತಾನೆ, ನಾಲ್ಕನೆಯ ವರ್ಷವನ್ನು ಪ್ರಬಂಧವೂ ಉದ್ಯೋಗದ ಚಿಂತೆಯೂ ನುಂಗಿಬಿಡುತ್ತವೆ. ನಡುವಿನ ಮೂರನೆಯ ವರ್ಷವೇ ಬಿಡುವಾದುದು. 2018-19ನೆಯ ಸಾಲಿನಲ್ಲಿ ಹೀಗೆ ಹೊರದೇಶಕ್ಕೆ ಹೋಗಿಬಂದ ಅಮೆರಿಕದ ವಿದ್ಯಾರ್ಥಿಗಳು 3,47,099 ಮಂದಿ. ಸಾಂಕ್ರಾಮಿಕದ ಎರಡು ವರ್ಷಗಳಲ್ಲಿ ಈ ಪ್ರವಾಹ ಬತ್ತಿಹೋಗಿ, ಈಗ ಮರಳಿ ತುಂಬುತ್ತಲಿದೆ. ಹೋಗುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳೆಂಬುದು ಗಮನಾರ್ಹ; ಆದಕಾರಣ ‘ಮುಂದಿನ ವರ್ಷ ನಾನಿಲ್ಲದಿದ್ದರೆ ನಡೆದೀತೇ?’ ಎಂಬ ಪ್ರಶ್ನೆಯನ್ನು ಹೆಚ್ಚಾಗಿ ಎದುರಿಸಬೇಕಾದವರು ಮಹಿಳಾ ತಂಡಗಳ ತರಬೇತುದಾರರೇ.

ಈಗ ಘರ್ಷಣೆ ಎಲ್ಲಿ ಹುಟ್ಟುತ್ತದೆಂಬುದು ಸ್ಪಷ್ಟವಾಯಿತು. ಮೂರನೆಯ ವರ್ಷದ ಶರತ್ಕಾಲದಲ್ಲಿ ದೇಶವನ್ನು ಬಿಟ್ಟರೆ ನಾಲ್ಕು ಋತುಗಳ ಆಟದಲ್ಲಿ ಒಂದು ಹೋಯಿತು; ಅದೂ ಆಟಗಾರನು ಬಲಿತು, ತಂಡದಲ್ಲಿ ಅವನ ಮಾತಿಗೆ ತೂಕ ಬಂದಿರುವ ಋತು. ಸಾಮಾನ್ಯವಾದ ಪರಿಹಾರವೆಂದರೆ ಜನವರಿಯಲ್ಲಿ ತೊಡಗುವ ಎರಡನೆಯ ಅರ್ಧವರ್ಷದಲ್ಲಿ ಹೋಗಿಬರುವುದು. ಮುಂಗಾರಿನ ಬೆಳೆಯನ್ನು ಮನೆಗೆ ತಂದು, ಹಿಂಗಾರಿಗೆ ಹೊಲವನ್ನು ಬೇರೊಬ್ಬನ ಪಾಲಿಗೆ ಬಿಟ್ಟು ಪಟ್ಟಣಕ್ಕೆ ಹೋಗಿಬರುವ ರೈತನ ಏರ್ಪಾಡಿದು: ಸುಲಭವಾಗಿಯೇ ತೋರುತ್ತದೆ, ಆದರೆ ನಷ್ಟವಿಲ್ಲದೆ ಇಲ್ಲ. ವಸಂತದಲ್ಲಿ ಕೆಲವು ವಾರಗಳ ಮಟ್ಟಿಗೆ ತಂಡಗಳಿಗೆ ಮಿತವಾದ ಅಭ್ಯಾಸದ ಅವಕಾಶವುಂಟು. ಅಲ್ಲಿ ಸೋಲುಗೆಲವುಗಳ ಭಾರವಿಲ್ಲ. ಆದುದರಿಂದಲೇ ತರಬೇತುದಾರನು ಬರುವ ಶರತ್ಕಾಲದ ತಂಡವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದೂ ಅಲ್ಲಿಯೇ. ಸ್ಪೇನಿನಲ್ಲಿ ಕುಳಿತ ಹುಡುಗನ ಜಾಗದಲ್ಲಿ ಮೊದಲ ವರ್ಷದವನೊಬ್ಬನು ಎಡಗಾಲಿನಿಂದ ಚೆನ್ನಾಗಿ ಆಡಿದನಂತೆ ಎಂಬ ಸುದ್ದಿ ಅಟ್ಲಾಂಟಿಕವನ್ನು ದಾಟಿ ಹೋಗುತ್ತದೆ. ಆ ರಾತ್ರಿ ಅವನಿಗೆ ನಿದ್ರೆ ಬಾರದು. ಆ ಅಂಜಿಕೆಯನ್ನು ಕೆಟ್ಟದೆಂದು ನಾನು ಭಾವಿಸುವುದಿಲ್ಲ. ತನ್ನ ಸ್ಥಾನವು ತನ್ನ ಸ್ವತ್ತಲ್ಲವೆಂಬುದನ್ನು ಇಪ್ಪತ್ತನೆಯ ವಯಸ್ಸಿನಲ್ಲಿಯೇ ಅರಿತುಕೊಂಡವನು ಅರವತ್ತನೆಯ ವಯಸ್ಸಿನಲ್ಲಿ ಕುರ್ಚಿಗೆ ಅಂಟಿಕೊಂಡು ಕುಳಿತುಕೊಳ್ಳಲಾರ.

ಪಂಚಾಂಗಗಳ ವಿಷಯವಾಗಿ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಅನೇಕ ಕುಟುಂಬಗಳು ಇದನ್ನು ಅರಿಯದೆ ಹೋಗಿ, ಸಾಧ್ಯವಿದ್ದುದನ್ನು ಅಸಾಧ್ಯವೆಂದು ಕೈಬಿಡುವುದುಂಟು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅರ್ಜೆಂಟೀನಾಗಳಲ್ಲಿ ವಿದ್ಯಾವರ್ಷವು ಫೆಬ್ರವರಿಯ ಕೊನೆಗೋ ಮಾರ್ಚಿನಲ್ಲಿಯೋ ತೊಡಗುವುದರಿಂದ, ಅಮೆರಿಕದ ಆಟಗಾರನು ತನ್ನ ವಸಂತವನ್ನು ಅಲ್ಲಿ ಕಳೆದರೆ ವರ್ಷದ ಮೊದಲ ಪಾಠದಿಂದಲೇ ಅಲ್ಲಿಯ ವಿದ್ಯಾರ್ಥಿಗಳ ಜೊತೆಗೂಡಬಹುದು. ಜರ್ಮನಿಯಲ್ಲಾದರೋ ಬೇಸಗೆಯ ಅರ್ಧವರ್ಷವು ಏಪ್ರಿಲಿನಲ್ಲಿ ಆರಂಭವಾಗಿ ಜುಲೈಯವರೆಗೆ ನಡೆಯುತ್ತದೆ. ಅಲ್ಲಿಂದ ಬಂದಿಳಿದವನಿಗೆ ಆಗಸ್ಟಿನ ಅಭ್ಯಾಸಕ್ಕೆ ಮುನ್ನ ಕೆಲವೇ ವಾರಗಳು ಉಳಿಯುತ್ತವೆ, ಬೇಸಗೆಯಲ್ಲಿ ದುಡಿದು ಸಂಪಾದಿಸಬೇಕಾಗಿದ್ದ ಹಣವೂ ಖೋತಾ. ಜಪಾನಿನ ವಿದ್ಯಾವರ್ಷವೂ ಏಪ್ರಿಲಿನಲ್ಲಿಯೇ ತೊಡಗುತ್ತದೆ. ಹೀಗೆ ಯಾವ ದೇಶವನ್ನು ಆರಿಸಿಕೊಳ್ಳಬೇಕೆಂಬುದನ್ನು ಅಭಿರುಚಿಯೊಂದೇ ತೀರ್ಮಾನಿಸಲಾರದು. ಕಾಲ್ಚೆಂಡಿನ ಮೇಲೆ ಒಲವುಳ್ಳವನು ಭೂಗೋಳದ ಜೊತೆಗೆ ಪಂಚಾಂಗವನ್ನೂ ತೆರೆದಿಟ್ಟುಕೊಳ್ಳಬೇಕು. ಪರದೇಶದಲ್ಲಿ ಓಣಿಯ ಹುಡುಗರೊಡನೆ ಸಂಜೆ ಚೆಂಡನ್ನೊದೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿಯ ಕ್ಲಬ್ಬೊಂದಕ್ಕೆ ಹೆಸರು ಕೊಟ್ಟು ಆಡುವುದಾದರೆ ಮಾತ್ರ, ಕಾಲೇಜಿನಲ್ಲಿ ನಿಯಮಪಾಲನೆಯನ್ನು ನೋಡಿಕೊಳ್ಳುವ ಅಧಿಕಾರಿಯನ್ನು ಮೊದಲೇ ಕೇಳಿಕೊಳ್ಳತಕ್ಕದ್ದು.

ಕೆಲವು ಕಾಲೇಜುಗಳು ತಮ್ಮ ಪಂಚಾಂಗವನ್ನೇ ಈ ಉದ್ದೇಶಕ್ಕೆ ಅನುಕೂಲವಾಗುವಂತೆ ರಚಿಸಿಕೊಂಡಿವೆ. ಮಿಷಿಗನ್ನಿನ ಕಲಾಮಜೂ ಕಾಲೇಜಿಗೆ ಲೈಟ್ ಎಂಬ ವೈದ್ಯ ದಾನಿಯೊಬ್ಬರು ವಿದ್ಯಾರ್ಥಿಗಳು ಹೊರದೇಶಗಳನ್ನು ಕಾಣಲೆಂದು ಧನವಿತ್ತರು. 1958ರಲ್ಲಿ ಅಲ್ಲಿಯ ಮೊದಲ ತಂಡವು ಯೂರೋಪಿಗೆ ಹೋಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಕಾಲೇಜು, ಬಹುಪಾಲು ವಿದ್ಯಾರ್ಥಿಗಳು ಪರದೇಶಕ್ಕೆ ಹೋಗಿಬರುವುದು ಸಾಧ್ಯವಾಗುವಂತೆ ತನ್ನ ಇಡೀ ವರ್ಷದ ವ್ಯವಸ್ಥೆಯನ್ನೇ ಬದಲಾಯಿಸಿಬಿಟ್ಟಿತು. ದತ್ತಿಯೊಂದರ ಹೆಸರಿನಲ್ಲಿ ಕೂಡಿರುವ ಈ ಸಭೆಯಲ್ಲಿ, ಒಬ್ಬ ದಾನಿಯ ಹಣದಿಂದ ಒಂದು ವಿದ್ಯಾಸಂಸ್ಥೆಯ ಪಂಚಾಂಗವೇ ಬದಲಾದುದನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಕಾರ್ಲ್‌ಟನ್ನಿನಲ್ಲಿ ವರ್ಷಕ್ಕೆ ಹತ್ತು ಹತ್ತು ವಾರಗಳ ಮೂರು ಅವಧಿಗಳು. ಮೊದಲನೆಯದು ನವೆಂಬರಿನಲ್ಲಿ ಕಾಲ್ಚೆಂಡಿನ ಋತುವಿನ ಜೊತೆಜೊತೆಗೇ ಮುಗಿಯುತ್ತದೆ, ಉಳಿದೆರಡರಲ್ಲಿ ಯಾವುದನ್ನಾದರೂ ಹೊರಗೆ ಕಳೆಯಬಹುದು. ನದಿಯಾಚೆಯ ಸೇಂಟ್ ಓಲಫಿನಲ್ಲಿ ಜನವರಿ ತಿಂಗಳೊಂದನ್ನೇ ಪ್ರತ್ಯೇಕವಾದ ಅವಧಿಯನ್ನಾಗಿ ಮಾಡಿ, ಒಂದೇ ವಿಷಯವನ್ನು ಓದುವುದಕ್ಕೋ ಅಧ್ಯಾಪಕರೊಡನೆ ಹೊರದೇಶಕ್ಕೆ ಹೋಗಿಬರುವುದಕ್ಕೋ ಮೀಸಲಿಟ್ಟಿದ್ದಾರೆ. ಪರದೇಶಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸುವುದರಲ್ಲಿ ಬಹುಕಾಲದಿಂದ ಹೆಸರಾದ ಈ ಸೇಂಟ್ ಓಲಫಿನ ತಂಡವೇ 2023ರ ಡಿಸೆಂಬರಿನಲ್ಲಿ ಆಮ್ಹರ್ಸ್ಟ್ ಕಾಲೇಜನ್ನು ಎರಡಕ್ಕೊಂದರಿಂದ ಸೋಲಿಸಿ ಮೂರನೆಯ ಶ್ರೇಣಿಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಹೊರದೇಶಕ್ಕೆ ಹೋದುದರಿಂದಲೇ ಅವರು ಗೆದ್ದರೆಂದು ವಾದಿಸುವಷ್ಟು ಮುಗ್ಧನು ನಾನಲ್ಲ. ಹೋಗುವುದೂ ಗೆಲ್ಲುವುದೂ ಒಂದೇ ಆವರಣದಲ್ಲಿ ಸಹವಾಸ ಮಾಡಬಲ್ಲವೆಂಬುದಕ್ಕೆ ಸಾಕ್ಷಿಯಾಗಿ ಮಾತ್ರ ಇದನ್ನು ಹೇಳಿದೆ.

ಹಾಗಾದರೆ ಎಲ್ಲವೂ ಸುಸೂತ್ರವಾಗಿದೆಯೇ ಎಂದರೆ, ಇಲ್ಲ. ಒಂದು ತಿಂಗಳ ಪ್ರವಾಸದ ವಿಷಯದಲ್ಲಿ ನನಗೆ ಸಂದೇಹವುಂಟು. ಹೊರದೇಶಕ್ಕೆ ಹೋಗುವ ಲಕ್ಷಾಂತರ ಮಂದಿಯಲ್ಲಿ ಪೂರ್ತಿ ವರ್ಷವನ್ನು ಅಲ್ಲಿ ಕಳೆಯುವವರು ನೂರಕ್ಕೆ ಮೂವರೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಬೇಸಗೆಯಲ್ಲಿಯೋ ಕೆಲವೇ ವಾರಗಳ ಮಟ್ಟಿಗೋ ಹೋಗಿಬರುವವರು. ಕರ್ಕ್‌ಬ್ರೈಡರ ಎಂಟು ಮಂದಿ ಕಲಿತಂತೆ ಪರಭಾಷೆಯನ್ನು ಕಲಿಯುವುದು ಇವರಿಗೆ ಸಾಧ್ಯವೇ? ಅಮೆರಿಕದ ಭಾರತೀಯ ಅಧ್ಯಯನ ಸಂಸ್ಥೆಯು ನಮ್ಮ ಮೈಸೂರಿನಲ್ಲಿ ನಡೆಸುವ ಕನ್ನಡ ತರಗತಿಗಳಿಗೆ ಬರುವ ವಿದ್ಯಾರ್ಥಿಗಳನ್ನು ಕಂಡವರು ಇದಕ್ಕೆ ಉತ್ತರ ಹೇಳಬಲ್ಲರು. ನಮ್ಮ ಕ್ರಿಯಾಪದಗಳು ಮೂರು ವಾರಗಳಲ್ಲಿ ಯಾರಿಗೂ ಒಲಿದಿಲ್ಲ. ತರಕಾರಿಯವಳೊಡನೆ ಚೌಕಾಶಿ ಮಾಡುವಷ್ಟು ಕನ್ನಡಕ್ಕೆ ಒಂದು ಮಳೆಗಾಲವೂ ಒಂದು ಚಳಿಗಾಲವೂ ಬೇಕು. ಆದುದರಿಂದ ನನ್ನ ಅಭಿಪ್ರಾಯ ಹೀಗೆ: ಲೋಕವನ್ನು ಕಾಣಬೇಕೆಂಬಷ್ಟೇ ಬಯಕೆಯುಳ್ಳ ಆಟಗಾರನು ವಸಂತದಲ್ಲಿ ಹೋಗಿಬರಲಿ, ಅವನ ಆಟಕ್ಕೆ ಭಂಗವಿಲ್ಲ, ಒಂದು ಭಾಷೆಯನ್ನು ತನ್ನದನ್ನಾಗಿ ಮಾಡಿಕೊಳ್ಳಬೇಕೆಂಬ ಹಂಬಲವುಳ್ಳವನು ಒಂದು ಶರತ್ಕಾಲದ ಆಟವನ್ನು ತ್ಯಜಿಸಲೇಬೇಕು, ತ್ಯಜಿಸಿ ಪಶ್ಚಾತ್ತಾಪ ಪಡಬಾರದು. ಎರಡನ್ನೂ ಪೂರ್ಣವಾಗಿ ಪಡೆಯಬಹುದೆಂದು ಹೇಳುವ ಕಾಲೇಜಿನ ಕಿರುಹೊತ್ತಗೆ ಸುಳ್ಳು ಹೇಳುತ್ತದೆ.

ತ್ಯಜಿಸುವ ಮಾತು ಬಂದುದರಿಂದ, ಹಿಂದೆ ಬಾಕಿ ಉಳಿಸಿದ್ದ ಸಂಗತಿಗೆ ಬರುತ್ತೇನೆ. ಮೊದಲ ಶ್ರೇಣಿಯ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಆಟಗಾರನ ಶುಲ್ಕವನ್ನೂ ಊಟವಸತಿಯನ್ನೂ ಆಟವೇ ತೆರುತ್ತಿರಬಹುದು. ತೆರುವ ಕೈ ಹಿಡಿದಿಟ್ಟುಕೊಳ್ಳುವ ಕೈಯೂ ಹೌದು. ಅಂಥವನು ವಸಂತದಲ್ಲಿ ಆರು ತಿಂಗಳು ಕಾಣೆಯಾಗುತ್ತೇನೆಂದು ಹೇಳಬಯಸಿದರೂ ನಾಲಿಗೆ ಏಳದು. ಮೂರನೆಯ ಶ್ರೇಣಿಯಲ್ಲಿ ತರಬೇತುದಾರನ ಕೈಯಲ್ಲಿ ಅಂಥ ಹಗ್ಗವಿಲ್ಲ. ಹುಡುಗನು ಆಡುವುದು ಆಡಬೇಕೆಂದು. ನಾಳೆ ಬಿಟ್ಟರೂ ಅವನ ಸಹಾಯಧನ ಒಂದು ಡಾಲರಿನಷ್ಟೂ ಕಡಿಮೆಯಾಗುವುದಿಲ್ಲ. ಬಿಟ್ಟುಹೋಗಬಲ್ಲವನು ಉಳಿದುಕೊಂಡು ಆಡುವ ಆಟಕ್ಕೇ ನಾನು ಬೆಲೆ ಕಟ್ಟುತ್ತೇನೆ; ಮೂರನೆಯ ಶ್ರೇಣಿಯ ಕಾಲ್ಚೆಂಡಿನ ಘನತೆ, ಅದರ ಆಟದ ಗುಣಮಟ್ಟವು ಎಷ್ಟೇ ಸಾಧಾರಣವಾಗಿರಲಿ, ಇರುವುದು ಇಲ್ಲಿಯೇ. ಹೀಗಿರಲು, ಪರದೇಶಕ್ಕೆ ಹೊರಟವನನ್ನು ‘ನಿಷ್ಠೆಯಿಲ್ಲದವನು’ ಎಂದು ಜರೆಯುವ ತರಬೇತುದಾರನು ತಾನು ಯಾವ ಶ್ರೇಣಿಯಲ್ಲಿದ್ದೇನೆಂಬುದನ್ನೇ ಮರೆತವನು.

ಮರೆಯುವವರು ಇಲ್ಲದೆ ಇಲ್ಲ, ಹಗ್ಗವಿಲ್ಲದಿದ್ದರೂ ದಾರವುಂಟು. ಪ್ರವೇಶವು ಬಲು ಕಠಿಣವಾದ ಕಾಲೇಜುಗಳಲ್ಲಿ ತರಬೇತುದಾರನು ತನಗೆ ಬೇಕಾದ ಆಟಗಾರರ ಹೆಸರುಗಳನ್ನು ಪ್ರವೇಶಾಧಿಕಾರಿಗೆ ಕೊಡುವುದುಂಟು, ಆ ಹೆಸರುಗಳಿಗೆ ಸ್ವಲ್ಪ ಅನುಕೂಲ ದೊರೆಯುವುದೂ ಉಂಟು. ಹಾಗೆ ಸೇರಿದವನಿಗೆ ಋಣಭಾರ ತಪ್ಪದು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ಬೋವೆನ್ ಅವರು ಜೇಮ್ಸ್ ಶುಲ್ಮನ್ ಅವರೊಡನೆ 2001ರಲ್ಲಿ ಪ್ರಕಟಿಸಿದ ಗ್ರಂಥವೊಂದು ಇದನ್ನು ವಿಸ್ತಾರವಾಗಿ ಶೋಧಿಸಿ, ಆಟದ ಹೊರೆಯನ್ನು ಮಹಾವಿಶ್ವವಿದ್ಯಾನಿಲಯಗಳಿಗಿಂತ ಹೆಚ್ಚಾಗಿ ಹೊರುತ್ತಿರುವವು ಚಿಕ್ಕ ಕಾಲೇಜುಗಳೇ ಎಂದು ತೋರಿಸಿತು. ಕಾರಣ ಸರಳವಾದ ಲೆಕ್ಕ. ನಲವತ್ತು ಸಾವಿರ ಮಂದಿಯಲ್ಲಿ ಆರುನೂರು ಆಟಗಾರರು ಕಣ್ಣಿಗೆ ಬೀಳುವುದಿಲ್ಲ. ಎರಡು ಸಾವಿರ ಮಂದಿಯಲ್ಲಿ ಅದೇ ಆರುನೂರೆಂದರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜು ಈ ಲೆಕ್ಕವನ್ನು ಮುಂದಿಟ್ಟುಕೊಂಡೇ 2000ದ ಡಿಸೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟವನ್ನು ನಿಲ್ಲಿಸಿಬಿಟ್ಟಿತು. ಹಳೆಯ ವಿದ್ಯಾರ್ಥಿಗಳ ಕೋಪವನ್ನು ಸಹಿಸಿತು. ಅದಕ್ಕೂ ಬಹಳ ಹಿಂದೆ, 1939ರಲ್ಲಿ, ಶಿಕಾಗೋ ವಿಶ್ವವಿದ್ಯಾನಿಲಯದ ರಾಬರ್ಟ್ ಹಚಿನ್ಸ್ ಅದೇ ಆಟವನ್ನು ಅಲ್ಲಿಂದ ಹೊರಗಟ್ಟಿದ್ದರು. ಮೊದಲ ಸಾಲಿನಿಂದ ಸ್ವಇಚ್ಛೆಯಿಂದ ಹಿಂದೆ ಸರಿದ ಆ ವಿಶ್ವವಿದ್ಯಾನಿಲಯವು ಈಗ ಇರುವುದೂ ಮೂರನೆಯ ಶ್ರೇಣಿಯಲ್ಲಿಯೇ; 2022ರಲ್ಲಿ ಅದರ ಪುರುಷರ ಕಾಲ್ಚೆಂಡು ತಂಡವು ಜೂಲಿಯಾನ್ ಸಿಚ್ ಎಂಬ ಮಹಿಳೆಯ ತರಬೇತಿಯಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಪುರುಷರ ತಂಡವೊಂದನ್ನು ಆ ಪ್ರಶಸ್ತಿಗೆ ಕೊಂಡೊಯ್ದ ಮೊದಲ ಮಹಿಳೆ ಆಕೆ. ಆಟವನ್ನು ಅದರ ಸ್ಥಾನದಲ್ಲಿಟ್ಟವರು ಆಟದಲ್ಲಿ ಸೋತೇ ಹೋಗುತ್ತಾರೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನ ಬೇಕೆ?

ಆಟ, ಪರದೇಶ ಎಂಬೆರಡನ್ನೇ ಹೇಳುತ್ತ ಬಂದೆ. ವಿದ್ಯಾರ್ಥಿಯ ಬಾಳಿನಲ್ಲಿ ಇನ್ನೂ ಎಷ್ಟೋ ಇವೆ. 1964ರ ಶಾಸನದಿಂದ ಜಾರಿಗೆ ಬಂದ ದುಡಿಮೆಯ ಯೋಜನೆಯಲ್ಲಿ ವಾರಕ್ಕೆ ಹತ್ತು ಗಂಟೆಗಳ ಕಾಲ ಪುಸ್ತಕಭಂಡಾರದಲ್ಲಿಯೋ ಭೋಜನಶಾಲೆಯಲ್ಲಿಯೋ ಕೆಲಸ ಮಾಡುವ ಹುಡುಗಿ ಶನಿವಾರ ಬಸ್ಸಿನಲ್ಲಿ ಕುಳಿತರೆ ಆ ದಿನದ ಕೂಲಿ ಇಲ್ಲ. ವೈದ್ಯಳಾಗಬೇಕೆಂದಿರುವವಳಿಗೆ ಒಂದರ ಮೇಲೊಂದು ಕಟ್ಟಿದ ರಸಾಯನ, ಭೌತ, ಜೀವಶಾಸ್ತ್ರಗಳ ಮೆಟ್ಟಿಲುಗಳು. ಒಂದನ್ನು ತಪ್ಪಿಸಿದರೆ ಮುಂದಿನದಕ್ಕೆ ಒಂದು ವರ್ಷ ಕಾಯಬೇಕು. ಇಂಥವಳ ಪಾಲಿಗೆ ನಿಜವಾದ ಅಡ್ಡಿ ಕಾಲ್ಚೆಂಡಲ್ಲ, ಸಾವಯವ ರಸಾಯನಶಾಸ್ತ್ರ. ಅದನ್ನು ಎರಡನೆಯ ವರ್ಷದಲ್ಲಿಯೇ ಮುಗಿಸಿಕೊಂಡವಳು ಮೂರನೆಯ ವರ್ಷದ ವಸಂತದಲ್ಲಿ ನಿಶ್ಚಿಂತೆಯಿಂದ ವಿಮಾನವನ್ನೇರಬಹುದು. ಸೇಂಟ್ ಓಲಫಿನಲ್ಲಿ 1912ರಿಂದ ಹಾಡುತ್ತ ಬಂದಿರುವ ಹೆಸರಾಂತ ಗಾಯಕವೃಂದವಿದೆ. ಅದರಲ್ಲಿಯೂ ಹಾಡಿ, ಮೈದಾನದಲ್ಲಿಯೂ ಆಡಿ, ಪರದೇಶಕ್ಕೂ ಹೋಗುತ್ತೇನೆನ್ನುವವನಿಗೆ ಹಿತವಚನ ಹೇಳುವವರು ಬೇಕು. ನನ್ನನ್ನು ಕೇಳಿದರೆ, ಮೂರರಲ್ಲಿ ಯಾವುದಾದರೊಂದರಲ್ಲಿ ಎರಡನೆಯ ದರ್ಜೆಯವನಾಗಲು ಒಪ್ಪಿಕೊ ಎನ್ನುತ್ತೇನೆ. ಒಪ್ಪಿಕೊಳ್ಳಲಾರದವರು ಮೂರರಲ್ಲಿಯೂ ದಣಿಯುತ್ತಾರೆ.

ನಮ್ಮ ಕಡೆಯಿಂದ ಹೋದ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ಅವರಿಗೆ ಅಮೆರಿಕವೇ ಪರದೇಶ. ಅಲ್ಲಿಂದ ಮೂರನೆಯದೊಂದು ದೇಶಕ್ಕೆ ಹೋಗಬೇಕಾದರೆ ಆ ದೇಶದ ವೀಸಾವನ್ನು ಭಾರತದ ರಹದಾರಿಯ ಮೇಲೆ ಪಡೆಯಬೇಕು; ಸಹಪಾಠಿಗಳು ಬೇಸಗೆಯಲ್ಲಿ ಯೋಚಿಸಿದರೆ ಸಾಕಾದುದನ್ನು ಇವರು ಹಿಂದಿನ ವಸಂತದಲ್ಲಿಯೇ ಯೋಚಿಸಬೇಕು. ಐದು ತಿಂಗಳಿಗೆ ಮೀರಿ ಅಮೆರಿಕದ ಹೊರಗಿದ್ದರೆ ವಿದ್ಯಾರ್ಥಿ ವೀಸಾದ ಸ್ಥಾನಮಾನಕ್ಕೆ ಧಕ್ಕೆ ಬರಬಹುದಾದ್ದರಿಂದ, ತಮ್ಮ ಕಾಲೇಜು ಅಂಗೀಕರಿಸಿದ ಕಾರ್ಯಕ್ರಮದಲ್ಲಿಯೇ ದಾಖಲಾಗಿ, ಹೊರಡುವ ಮುನ್ನ ವಿದೇಶೀ ವಿದ್ಯಾರ್ಥಿಗಳ ಅಧಿಕಾರಿಯನ್ನು ಕಂಡುಬರಬೇಕು. ಕೆಲವು ಕಾಲೇಜುಗಳಲ್ಲಿ ಶುಲ್ಕವೂ ಊಟವಸತಿಯೂ ಸೇರಿ ವರ್ಷಕ್ಕೆ ಎಂಬತ್ತು ಸಾವಿರ ಡಾಲರುಗಳನ್ನು ಮೀರಿರುವ ಈ ದಿನಗಳಲ್ಲಿ, ಕಾಲೇಜಿನ ಸಹಾಯಧನವು ಪರದೇಶದ ಅವಧಿಗೂ ಅನ್ವಯಿಸುವುದೇ ಎಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಸಂಕೋಚಪಡಬೇಕಾದ ವಿಷಯವಲ್ಲ.

ಕಡೆಗೆ ತಂದೆತಾಯಿಗಳಲ್ಲಿ ನನ್ನದೊಂದು ಅರಿಕೆ. ತರಬೇತುದಾರರಿಗೆ ಪತ್ರವನ್ನು ಬರೆಯುವ ಕೆಲಸ ಮಗನದು ಅಥವಾ ಮಗಳದು, ತಮ್ಮದಲ್ಲ. ತಾವು ಬರೆದ ಪತ್ರದ ಇಂಗ್ಲಿಷು ಎಷ್ಟೇ ಚೆನ್ನಾಗಿರಲಿ, ಅದು ಮಗುವಿಗೆ ಅಪಕಾರವನ್ನೇ ಮಾಡೀತು. ಕಾಲೇಜನ್ನು ನೋಡಲು ಹೋದಾಗ ಮಗುವಿನ ಬಾಯಿಂದಲೇ ಒಂದು ಪ್ರಶ್ನೆಯನ್ನು ಕೇಳಿಸಿರಿ: ಕಳೆದ ವಸಂತದಲ್ಲಿ ನಿಮ್ಮ ತಂಡದ ಮೂರನೆಯ ವರ್ಷದವರಲ್ಲಿ ಯಾರು ಯಾರು ಹೊರದೇಶದಲ್ಲಿದ್ದರು, ಮರಳಿ ಬಂದು ಶರತ್ಕಾಲದಲ್ಲಿ ಆಡಿದವರು ಯಾರು? ತರಬೇತುದಾರನು ಹೆಸರುಗಳನ್ನು ಹೇಳಿದರೆ ಆ ಕಾಲೇಜಿಗೆ ಅರ್ಜಿ ಹಾಕಿರಿ. ಹೆಸರುಗಳಿಗೆ ಬದಲಾಗಿ ಕಾಲೇಜಿನ ಧ್ಯೇಯಗಳನ್ನು ವಿವರಿಸತೊಡಗಿದರೆ, ವಂದಿಸಿ ಹೊರಬಂದು ಮುಂದಿನ ಕಾಲೇಜನ್ನು ನೋಡಿರಿ.